ಉದುರದ ಭತ್ತದ ಕಥೆ

ನಮ್ಮ ಸಮಾಜ ವಿಜ್ಞಾನ ಪುಸ್ತಕದಲ್ಲಿ ನವಶಿಲಾಯುಗಕ್ಕೆ ಮೀಸಲಿದ್ದದ್ದು ಎರಡೇ ಪುಟ. ಮನುಷ್ಯ ಅಲೆಮಾರಿ ಜೀವನ ಬಿಟ್ಟು ಬೇಸಾಯ ಕಲಿತ, ದನಕರು ಸಾಕಿದ, ಊರು ಕಟ್ಟಿದ ಎಂಬಷ್ಟು ಅದರಲ್ಲಿತ್ತು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಅಷ್ಟಕ್ಕೆ ಉತ್ತರ ಕಲಿತು ಹರಪ್ಪ, ಮೊಹೆಂಜೊದಾರೊ ಕಡೆಗೆ ಹೋಗಿಬಿಡುತ್ತಿದ್ದೆವು. ಶಾಲೆಯ ಬೇಲಿಯ ಆಚೆ ನಿಂತಿದ್ದ ಭತ್ತದ ಪೈರಿನೊಳಗೇ ಆ ಎರಡು ಪುಟದ ಇತಿಹಾಸ ಬರೆದಿಟ್ಟಂತೆ ಇದೆ ಎಂಬುದು ವಿಜ್ಞಾನಿಗಳಿಗೂ ಸ್ಪಷ್ಟವಾಗಿ ತಿಳಿದದ್ದು ಈಚಿನ ಇಪ್ಪತ್ತು ವರ್ಷಗಳಲ್ಲಿ.

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ ನಾನು ಈ ವಿಷಯವನ್ನೇ ಆರಿಸಿಕೊಂಡೆ. ನಾನು ಕೃಷಿ ವಿಜ್ಞಾನಿಯಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಆದರೆ ಗದ್ದೆ ಇರುವ ಮನೆಯಲ್ಲಿ ಹುಟ್ಟಿ ಬೆಳೆದವನು. ಇಂದು ಸಸ್ಯಗಳ ವಂಶವಾಹಿಗಳನ್ನು ಓದಿ ಹೋಲಿಸುವ ಕೆಲಸದಲ್ಲಿ ದೊಡ್ಡ ಪಾಲು ಕಂಪ್ಯೂಟರಿನದು. ಹಾಗಾಗಿ ನನ್ನ ಉದ್ಯೋಗ ಮತ್ತು ನಮ್ಮೂರ ಗದ್ದೆ ಎರಡೂ ಒಂದು ಕಡೆ ಸೇರುವ ಜಾಗ ಇದು ಎನಿಸಿತು. ರಾಜರ ಇತಿಹಾಸ ಬರೆಯುವವರು ಬಹಳ ಮಂದಿ ಇದ್ದಾರೆ. ನಾವು ದಿನಾ ಉಣ್ಣುವ ಅನ್ನಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಊರಿಗೂ ನಮ್ಮ ಶಾಲೆಯ ಈ ಐವತ್ತು ವರ್ಷಗಳಿಗೂ ಒಂದು ಪಾತ್ರವಿದೆ.

ಕಾಡುಭತ್ತದ ಗುಣ

ನಾವು ಬೆಳೆಯುವ ಭತ್ತದ ಪೂರ್ವಜ ಕಾಡುಭತ್ತ. ಏಷ್ಯಾದ ಕೆರೆಯಂಚು, ಜೌಗು, ಹಳ್ಳಗಳಲ್ಲಿ ಅದು ಇಂದಿಗೂ ತಾನಾಗಿ ಬೆಳೆಯುತ್ತದೆ. ಅದರ ತೆನೆ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ಮೇಲಿನ ಕಾಳು ಬಲಿತಾಗ ಕೆಳಗಿನದು ಇನ್ನೂ ಹಾಲುಗಾಳು. ಬಲಿತ ಕಾಳು ತೆನೆಯಲ್ಲಿ ನಿಲ್ಲದೆ ಗಾಳಿ ಬೀಸಿದರೆ, ಹಕ್ಕಿ ಕೂತರೆ ಉದುರಿ ಕೆಸರು ಸೇರುತ್ತದೆ. ಕಾಳಿನ ತುದಿಗೆ ಉದ್ದ ಮೀಸೆ, ಸಿಪ್ಪೆ ಕಪ್ಪು, ಒಳಗಿನ ಅಕ್ಕಿ ಕೆಂಪು. ಬಿದ್ದ ಬೀಜವೆಲ್ಲ ಒಟ್ಟಿಗೆ ಮೊಳೆಯುವುದೂ ಇಲ್ಲ. ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ. ಗಿಡದ ದೃಷ್ಟಿಯಿಂದ ಇವೆಲ್ಲ ಒಳ್ಳೆಯ ಗುಣಗಳೇ. ಒಂದು ವರ್ಷ ಬರ ಬಂದರೂ ಸಂತತಿ ಉಳಿಯುತ್ತದೆ. ಆದರೆ ಬುಟ್ಟಿ ಹಿಡಿದು ಬಂದ ಮನುಷ್ಯನಿಗೆ ಇವೆಲ್ಲ ತೊಂದರೆಯೇ.

ನಮ್ಮ ಹಳೆಯವರಿಗೆ ಈ ಕಾಡುಭತ್ತ ಗೊತ್ತಿತ್ತು. ಸಂಸ್ಕೃತದಲ್ಲಿ ಅದಕ್ಕೆ ‘ನೀವಾರ’ ಎಂದು ಹೆಸರು. ಬಿತ್ತದೆ ಬೆಳೆದದ್ದಾದ್ದರಿಂದ ಋಷಿಗಳ ಆಹಾರ ಅದು. ಕಾಳಿದಾಸನ ಶಾಕುಂತಲ ನಾಟಕದಲ್ಲಿ ದುಷ್ಯಂತನು ಆಶ್ರಮ ಹತ್ತಿರವಾಯಿತೆಂದು ಗುರುತಿಸುವ ಲಕ್ಷಣಗಳಲ್ಲಿ ಗಿಳಿಗಳ ಪೊಟರೆಯಿಂದ ಮರದಡಿಗೆ ಉದುರಿದ ನೀವಾರದ ಕಾಳುಗಳೂ ಒಂದು. ಸಸ್ಯವಿಜ್ಞಾನಿಗಳು ಭಾರತದ ಒಂದು ಕಾಡುಭತ್ತಕ್ಕೆ ಇದೇ ಹೆಸರಿನಿಂದ ಒರೈಜಾ ನಿವಾರಾ ಎಂದು ನಾಮಕರಣ ಮಾಡಿದ್ದಾರೆ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಇನ್ನೊಮ್ಮೆ ಬರುತ್ತದೆ.

ಕಾಳು ಉದುರುವುದಕ್ಕೆ ಕಾರಣ ಕಾಳಿಗೂ ಅದರ ತೊಟ್ಟಿಗೂ ನಡುವೆ ಇರುವ ಕೋಶಗಳ ಒಂದು ತೆಳು ಪದರ. ಕಾಳು ಬಲಿತಂತೆ ಆ ಪದರ ಸಡಿಲವಾಗುತ್ತದೆ. ಯಾವುದೋ ಕಾಲದಲ್ಲಿ ಕೆಲವು ಗಿಡಗಳಲ್ಲಿ ಆ ಪದರ ಸರಿಯಾಗಿ ರೂಪುಗೊಳ್ಳಲಿಲ್ಲ. ಕಾಡಿನಲ್ಲಿ ಅಂಥ ಗಿಡಕ್ಕೆ ಭವಿಷ್ಯವಿಲ್ಲ. ಅದರ ಕಾಳು ನೆಲ ಸೇರದೆ ತೆನೆಯಲ್ಲೇ ಒಣಗುತ್ತದೆ. ಆದರೆ ತೆನೆ ಕೊಯ್ದು ಮನೆಗೆ ಒಯ್ಯುವ ಮನುಷ್ಯ ಬಂದ ಮೇಲೆ ಲೆಕ್ಕ ತಿರುಗಿತು. ಉದುರಿದ್ದು ಗದ್ದೆಯಲ್ಲೇ ಉಳಿಯಿತು, ಉದುರದೆ ನಿಂತದ್ದು ಮನೆಗೆ ಬಂತು. ಮನೆಗೆ ಬಂದದ್ದರಲ್ಲೇ ಮುಂದಿನ ವರ್ಷದ ಬೀಜ. ಹೀಗೆ ವರ್ಷ ವರ್ಷ ಉದುರದ ಗುಣ ಸ್ವಲ್ಪ ಸ್ವಲ್ಪವೇ ಹೆಚ್ಚಿತು. ಇದರಲ್ಲಿ ಯಾರ ಯೋಜನೆಯೂ ಇರಲಿಲ್ಲ. ಕುಡುಗೋಲು ಮತ್ತು ಕಣಜ ಸೇರಿ ಮಾಡಿದ ಕೆಲಸ ಇದು.

ಒಂದು ಅಕ್ಷರದ ವ್ಯತ್ಯಾಸ

ಭತ್ತದ ಸಂಪೂರ್ಣ ಜೀನೋಮನ್ನು ಹಲವು ದೇಶಗಳ ವಿಜ್ಞಾನಿಗಳು ಸೇರಿ 2005ರಲ್ಲಿ ಓದಿ ಮುಗಿಸಿದರು. ಭತ್ತಕ್ಕೆ 12 ವರ್ಣತಂತುಗಳು. ಅವುಗಳಲ್ಲಿ ಹನ್ನೊಂದನೆಯದನ್ನು ಓದುವುದರಲ್ಲಿ ಭಾರತದವರೂ ಪಾಲುಗೊಂಡಿದ್ದರು. ಒಟ್ಟು ಸುಮಾರು 38.9 ಕೋಟಿ ಅಕ್ಷರಗಳು. ಅಕ್ಷರಗಳೆಂದರೆ ನಾಲ್ಕೇ ಬಗೆ. ಕಂಪ್ಯೂಟರಿನ ಭಾಷೆಯಲ್ಲಿ ಹೇಳುವುದಾದರೆ ಇಡೀ ಭತ್ತದ ‘ಪ್ರೋಗ್ರಾಂ’ 100 ಎಂಬಿಗಿಂತ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ. ಇಂದು ಯಾವ ಸಾಧಾರಣ ಮೊಬೈಲಿನಲ್ಲೂ ಅದನ್ನು ಇಟ್ಟುಕೊಳ್ಳಬಹುದು.

2006ರಲ್ಲಿ ಕಾಳು ಉದುರುವಿಕೆಗೆ ಸಂಬಂಧಿಸಿದ ಎರಡು ಜೀನ್‌ಗಳು ಪತ್ತೆಯಾದವು. ಅವುಗಳಲ್ಲಿ ‘ಎಸ್‌ಎಚ್4’ ಎಂಬ ಜೀನಿನಲ್ಲಿ ಕಾಡುಭತ್ತಕ್ಕೂ ನಾಡಭತ್ತಕ್ಕೂ ಇರುವ ಮುಖ್ಯ ವ್ಯತ್ಯಾಸ ಒಂದೇ ಒಂದು ಅಕ್ಷರದ್ದು. 38.9 ಕೋಟಿಯಲ್ಲಿ ಒಂದು! ಇದೊಂದರಿಂದಲೇ ಎಲ್ಲವೂ ಆಗಲಿಲ್ಲ, ಬೇರೆ ಜೀನ್‌ಗಳೂ ಕೈಜೋಡಿಸಿವೆ. ಆದರೂ ಒಂದು ಅಲ್ಪವಿರಾಮ ಬದಲಾದರೆ ಇಡೀ ಪ್ರೋಗ್ರಾಂ ಬೇರೆ ರೀತಿ ನಡೆಯುವುದನ್ನು ದಿನಾ ನೋಡುವ ನನಗೆ ಇದನ್ನು ಓದಿದಾಗ ರೋಮಾಂಚನವಾಯಿತು.

ಅಕ್ಕಿ ಬಿಳಿಯಾದದ್ದೂ ಹೀಗೆಯೇ. ಕಾಡುಭತ್ತದ ಅಕ್ಕಿ ಕೆಂಪು. ಆ ಕೆಂಪು ಬಣ್ಣಕ್ಕೆ ಕಾರಣವಾದ ಜೀನಿನಲ್ಲಿ 14 ಅಕ್ಷರಗಳು ಅಳಿಸಿಹೋಗಿ ಅದು ಕೆಲಸ ನಿಲ್ಲಿಸಿತು. ಜಗತ್ತಿನ ಬಿಳಿ ಅಕ್ಕಿಯ ತಳಿಗಳಲ್ಲಿ ಬಹುಪಾಲು ಎಲ್ಲಕ್ಕೂ ಇದೇ 14 ಅಕ್ಷರಗಳು ಇಲ್ಲ. ಮನುಷ್ಯರಿಗೆ ಬಿಳಿ ಬಣ್ಣ ಹಿಡಿಸಿತು, ಆರಿಸಿಕೊಂಡರು. ಕರಾವಳಿಯ ಕೆಂಪು ಕುಚ್ಚಲಕ್ಕಿ ಉಣ್ಣುವವರು ಆ ಹಳೆಯ ಜೀನನ್ನು ಕೈಬಿಡದೆ ಉಳಿಸಿಕೊಂಡವರು ಎನ್ನಬಹುದು.

ಚೀನಾದ ಕೆಸರಿನಲ್ಲಿ ಸಿಕ್ಕ ಲೆಕ್ಕ

ಈ ಬದಲಾವಣೆಗೆ ಎಷ್ಟು ಕಾಲ ಹಿಡಿಯಿತು? ಇದಕ್ಕೆ ಉತ್ತರ ಚೀನಾದ ಯಾಂಗ್‌ಟ್ಸೆ ನದಿಯ ಕೆಳಕಣಿವೆಯಲ್ಲಿ ಸಿಕ್ಕಿದೆ. ಅಲ್ಲಿಯ ಜೆಜಿಯಾಂಗ್ ಪ್ರಾಂತ್ಯದ ಟಿಯಾನ್‌ಲುವೊಶಾನ್ ಎಂಬ ನೆಲೆಯಲ್ಲಿ ನೀರಿನಡಿಯ ಕೆಸರು ಸಾವಿರಾರು ವರ್ಷಗಳ ಹಿಂದಿನ ಊಟದ ಅವಶೇಷಗಳನ್ನು ಕೊಳೆಯದಂತೆ ಕಾಪಾಡಿತ್ತು. ಭತ್ತದ ಕಾಳು ತಾನಾಗಿ ಉದುರಿದರೆ ಅದರ ಬುಡದ ಗುರುತು ನಯವಾಗಿರುತ್ತದೆ, ಬಡಿದು ಕಿತ್ತಿದ್ದರೆ ಹರಿದಂತಿರುತ್ತದೆ. ಆ ಗುರುತುಗಳನ್ನು ಒಂದೊಂದಾಗಿ ನೋಡಿ ಎಣಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಇಂದಿಗೆ 6,900 ವರ್ಷಗಳ ಹಿಂದೆ ಉದುರದ ಭತ್ತದ ಪಾಲು ಶೇಕಡಾ 27 ಇತ್ತು. 6,600 ವರ್ಷಗಳ ಹಿಂದಿನ ಹೊತ್ತಿಗೆ ಶೇಕಡಾ 39 ಆಗಿತ್ತು. ಅದೇ ಅವಧಿಯಲ್ಲಿ ಅವರು ತಿಂದು ಬಿಟ್ಟ ಸಸ್ಯಾವಶೇಷಗಳಲ್ಲಿ ಭತ್ತದ ಪಾಲು ಶೇಕಡಾ 8ರಿಂದ 24ಕ್ಕೆ ಏರಿತ್ತು. ಉಳಿದದ್ದೆಲ್ಲ ಕಾಡಿನ ಓಕ್ ಬೀಜ, ಕೆರೆಯ ಶಿಂಗಾಡ ಮುಂತಾದ ಆಯ್ದು ತಂದ ಆಹಾರ.

ಮುನ್ನೂರು ವರ್ಷ ಎಂದರೆ ಹತ್ತು ಹನ್ನೆರಡು ತಲೆಮಾರು. ಅಷ್ಟು ಕಾಲದಲ್ಲಿ ಆದ ಬದಲಾವಣೆ ನೂರಕ್ಕೆ ಹನ್ನೆರಡು. ಅದೇ ಕಣಿವೆಯಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದಿನಿಂದಲೂ ಜನ ಭತ್ತ ಬಳಸಿದ ಕುರುಹುಗಳಿವೆ. ಹಾಗಾದರೆ ಮನುಷ್ಯ ಬೇಸಾಯ ಕಲಿತ ಎಂಬ ನಮ್ಮ ಪುಸ್ತಕದ ಒಂದು ಸಾಲಿನೊಳಗೆ ಸಾವಿರಾರು ವರ್ಷ ಹುದುಗಿದೆ. ಅಷ್ಟು ಕಾಲವೂ ಜನ ಬಿತ್ತುತ್ತ, ಕಾಡಿನಿಂದ ಆಯುತ್ತ, ಎರಡನ್ನೂ ನಂಬಿಕೊಂಡು ಬದುಕಿದ್ದರು.

ಗಂಗೆಯ ಬಯಲು, ನಮ್ಮ ಬಳ್ಳಾರಿ

ಭಾರತದಲ್ಲೂ ಭತ್ತ ಬಹಳ ಹಳೆಯದು. ಉತ್ತರ ಪ್ರದೇಶದ ಲಹುರಾದೇವ ಎಂಬಲ್ಲಿ ಕೆರೆಯ ದಂಡೆಯ ನೆಲೆಯಲ್ಲಿ ಎಂಟು ಸಾವಿರ ವರ್ಷಕ್ಕೂ ಹಳೆಯದೆಂದು ಅಂದಾಜಿಸಿರುವ ಭತ್ತ ಸಿಕ್ಕಿದೆ. ಗಂಗಾ ಬಯಲಿನ ಜನ ತಮ್ಮದೇ ಕಾಡುಭತ್ತವನ್ನು ಆಯ್ದು, ಬೆಳೆಸಿ ಬಳಸುತ್ತಿದ್ದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಚೀನಾ ಕಡೆಯ ಉದುರದ ಭತ್ತ ಇಲ್ಲಿಗೆ ತಲುಪಿ, ಇಲ್ಲಿಯದರೊಂದಿಗೆ ಕೂಡಿ, ನಾವು ಇಂದು ಬೆಳೆಯುವ ಇಂಡಿಕಾ ಭತ್ತ ಪೂರ್ತಿ ನಾಡಭತ್ತವಾಯಿತು ಎಂಬುದು ಹಲವು ಸಂಶೋಧಕರ ಅಭಿಪ್ರಾಯ.

ಇದನ್ನು ಹೇಗೆ ಹೇಳುತ್ತಾರೆ? ಇಬ್ಬರು ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪು ಇದ್ದರೆ ಮೇಷ್ಟ್ರು ಏನೆಂದು ತೀರ್ಮಾನಿಸುತ್ತಾರೆ? ಒಬ್ಬ ಇನ್ನೊಬ್ಬನದನ್ನು ನೋಡಿ ಬರೆದಿದ್ದಾನೆ ಎಂದೇ. ಚೀನಾ ಕಡೆಯ ಜಪೋನಿಕಾ ಭತ್ತದಲ್ಲೂ ನಮ್ಮ ಇಂಡಿಕಾ ಭತ್ತದಲ್ಲೂ ಉದುರುವಿಕೆಯ ಜೀನಿನಲ್ಲಿ ಬದಲಾಗಿರುವುದು ಅದೇ ಒಂದು ಅಕ್ಷರ. ಬಿಳಿ ಅಕ್ಕಿಯಲ್ಲಿ ಅಳಿಸಿಹೋಗಿರುವುದೂ ಅವೇ 14 ಅಕ್ಷರಗಳು. ಎರಡು ಕಡೆ ಬೇರೆ ಬೇರೆಯಾಗಿ ಆದ ಆಕಸ್ಮಿಕ ಇಷ್ಟು ಕರಾರುವಾಕ್ಕಾಗಿ ಹೊಂದುವುದು ಕಷ್ಟ. ಬೀಜ ಪ್ರಯಾಣ ಮಾಡಿದೆ, ಗದ್ದೆಯಲ್ಲಿ ಕೂಡಿದೆ.

ನಮ್ಮ ಕರ್ನಾಟಕದ ಮೊದಲ ರೈತರು ಮಾತ್ರ ಭತ್ತದವರಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲು, ತೆಕ್ಕಲಕೋಟೆ ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಜನ ದನ ಸಾಕುತ್ತಿದ್ದರು. ಸಗಣಿಯನ್ನು ಸುಟ್ಟು ಉಳಿದ ದೊಡ್ಡ ಬೂದಿದಿಬ್ಬಗಳು ಆ ಸೀಮೆಯಲ್ಲಿ ಈಗಲೂ ಇವೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಅವರು ಉಣ್ಣುತ್ತಿದ್ದದ್ದು ಕೊರಲೆ ಮುಂತಾದ ಕಿರುಧಾನ್ಯ, ಹುರುಳಿ ಮತ್ತು ಹೆಸರು. ಕೊರಲೆ, ಹುರುಳಿ ಎರಡನ್ನೂ ಕಾಡಿನಿಂದ ಹೊಲಕ್ಕೆ ತಂದ ಹಿರಿಮೆ ದಕ್ಷಿಣ ಭಾರತದ ರೈತರಿಗೂ ಸಲ್ಲುತ್ತದೆ. ಭತ್ತ ದಕ್ಷಿಣದಲ್ಲಿ ಬೇರೂರಿದ್ದು ಆಮೇಲೆ, ಕಬ್ಬಿಣದ ಕಾಲದಲ್ಲಿ, ಕೆರೆ ಕಾಲುವೆಗಳ ಜೊತೆಗೆ. ಒಮ್ಮೆ ಬೇರೂರಿದ ಮೇಲೆ ಅದು ಎಷ್ಟು ಆಳಕ್ಕೆ ಇಳಿಯಿತೆಂದರೆ ನಮ್ಮ ಶಾಸನಗಳು ಗದ್ದೆಯನ್ನು ಅಳೆದದ್ದೇ ಖಂಡುಗದ ಲೆಕ್ಕದಲ್ಲಿ, ಅಂದರೆ ಅದಕ್ಕೆ ಬೀಳುವ ಬೀಜದ ಲೆಕ್ಕದಲ್ಲಿ.

ಸಾವಿರ ಹೆಸರಿನ ಬೆಳೆ

ಉದುರದ ಭತ್ತ ಕೈಗೆ ಬಂದ ಮೇಲೆ ರೈತರು ಅದನ್ನು ಒಂದೇ ಬಗೆಯಾಗಿ ಇಡಲಿಲ್ಲ. ಭತ್ತದ ಹೂ ಬಹುಮಟ್ಟಿಗೆ ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಆದ್ದರಿಂದ ಒಂದು ಒಳ್ಳೆಯ ತೆನೆ ಆರಿಸಿ ಬೇರೆ ಇಟ್ಟರೆ ಅದರ ಗುಣ ಮುಂದೆಯೂ ನಿಲ್ಲುತ್ತದೆ. ಅಲ್ಲಲ್ಲಿ ತಾನಾಗಿ ಬೆರಕೆಯೂ ಆಗುತ್ತದೆ. ಅದರಿಂದ ಹೊಸ ಗುಣ ಹುಟ್ಟುತ್ತದೆ. ನಿಲ್ಲುವುದು ಮತ್ತು ಬದಲಾಗುವುದು ಎರಡೂ ಇರುವುದರಿಂದ ಆರಿಸುವ ಕಣ್ಣಿಗೆ ಸದಾ ಕೆಲಸವಿತ್ತು. ಮಳೆಯನ್ನೇ ನಂಬಿದ ಮಕ್ಕಿ ಗದ್ದೆಗೆ ಬೇಗ ಬರುವ ಭತ್ತ, ನೀರು ನಿಲ್ಲುವ ಬೈಲು ಗದ್ದೆಗೆ ಆರು ತಿಂಗಳ ಭತ್ತ. ಅವಲಕ್ಕಿಗೆ ಒಂದು, ಕಡುಬಿಗೆ ಒಂದು, ಬಾಣಂತಿಯ ಗಂಜಿಗೆ ಒಂದು, ಹಬ್ಬದ ಪಾಯಸಕ್ಕೆ ಒಂದು. ಹೆಣ್ಣು ಕೊಟ್ಟು ತಂದ ಊರುಗಳ ನಡುವೆ ಬೀಜವೂ ಓಡಾಡಿತು. ಬೀಜ ಆರಿಸುವ, ಒಣಗಿಸುವ, ಹುಳು ಹಿಡಿಯದಂತೆ ಕಾಯುವ ಕೆಲಸ ಹೆಚ್ಚಾಗಿ ಹೆಂಗಸರದ್ದೇ ಆಗಿತ್ತು. ಅವರಲ್ಲಿ ಒಬ್ಬರ ಹೆಸರೂ ಇತಿಹಾಸದಲ್ಲಿ ಇಲ್ಲ. ಅವರು ಇಟ್ಟ ಭತ್ತದ ಹೆಸರುಗಳು ಮಾತ್ರ ಇವೆ. ಜೀರಿಗೆಯಷ್ಟು ಸಣ್ಣದೆಂದು ಜೀರಿಗೆ ಸಣ್ಣ, ಪರಿಮಳ ಬೀರುವುದು ಗಂಧಸಾಲೆ, ಕಪ್ಪು ಸಿಪ್ಪೆಯದು ಕರಿ ಕಗ್ಗ. ರಾಜಮುಡಿ, ರತ್ನಚೂಡಿಗಳ ಹೆಸರು ಕೇಳಿದರೇ ಗೌರವ ಮೂಡುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಈ ಸೀಮೆಯ ಬೆಳೆ, ಕಸುಬುಗಳ ವಿವರ ತರಲು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿತು. ಅವನು 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿ ಬರೆದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ರೈತರನ್ನು ಕೇಳಿ ಕೇಳಿ ಅವನು ಅದರಲ್ಲಿ ಊರೂರಿನ ಭತ್ತದ ಹೆಸರುಗಳನ್ನು ಬರೆದುಕೊಂಡಿದ್ದಾನೆ. ದೊಡ್ಡ ಭತ್ತ, ಸಣ್ಣ ಭತ್ತ ಎಂಬ ನಮ್ಮ ಮಾತುಗಳು ಅವನ ಇಂಗ್ಲಿಷ್ ಕಿವಿಗೆ ಬಿದ್ದಂತೆ ಅಲ್ಲಿ ದಾಖಲಾಗಿವೆ. ಅವನ ಉದ್ದೇಶ ಕಂಪನಿಯ ಆದಾಯವಿರಬಹುದು. ಆದರೂ ಇನ್ನೂರು ವರ್ಷಗಳ ಹಿಂದೆ ಇಲ್ಲಿ ಏನು ಬೆಳೆಯುತ್ತಿತ್ತೆಂದು ತಿಳಿಯಲು ಇಂದು ನಾವು ಆ ಹೊರಗಿನವನ ಪುಸ್ತಕವನ್ನೇ ತೆರೆಯಬೇಕಾಗಿದೆ. ಏಕೆಂದರೆ ಅವನು ಬರೆದಿಟ್ಟ, ನಮ್ಮವರು ಬಾಯಲ್ಲಿ ಇಟ್ಟುಕೊಂಡಿದ್ದರು.

ಗಿಡ್ಡ ಭತ್ತ ಬಂತು

1960ರ ದಶಕದ ಹೊತ್ತಿಗೆ ನಮ್ಮ ದೇಶ ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಗಾಗಿ ಕಾಯುವ ಸ್ಥಿತಿಯಲ್ಲಿತ್ತು. ಹಿರಿಯ ಓದುಗರಿಗೆ ಆ ಕಾಲದ ರೇಷನ್ನಿನ ನೆನಪಿರುತ್ತದೆ. ನಾಡ ಭತ್ತಗಳು ಎತ್ತರದವು. ಗೊಬ್ಬರ ಹೆಚ್ಚು ಕೊಟ್ಟರೆ ತೆನೆ ಭಾರಕ್ಕೆ ಪೈರು ನೆಲಕ್ಕೆ ಒರಗುತ್ತಿತ್ತು. ಫಿಲಿಪ್ಪೀನ್ಸಿನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತೈವಾನಿನ ಒಂದು ಗಿಡ್ಡ ಭತ್ತವನ್ನು ಇಂಡೋನೇಷ್ಯಾದ ‘ಪೇಟಾ’ ಎಂಬ ಎತ್ತರದ ಭತ್ತದೊಂದಿಗೆ ಕೂಡಿಸಿ 1966ರಲ್ಲಿ ‘ಐಆರ್ 8’ ಬಿಡುಗಡೆ ಮಾಡಿದರು. ಗೊಬ್ಬರ ಕೊಟ್ಟರೂ ಬೀಳದ, ತೆನೆ ತುಂಬಿದ ಪೈರು. ಭಾರತದಲ್ಲಿ 1968ರಲ್ಲಿ ‘ಜಯಾ’ ಬಂತು. ಈ ಗಿಡ್ಡತನಕ್ಕೂ ಕಾರಣ ಒಂದು ಜೀನಿನಲ್ಲಿ ಅಳಿಸಿಹೋದ ಒಂದಿಷ್ಟು ಅಕ್ಷರಗಳೇ ಎಂದು 2002ರಲ್ಲಿ ತಿಳಿಯಿತು. ತೈವಾನಿನ ಯಾರೋ ರೈತರು ಆ ಗಿಡ್ಡ ಪೈರನ್ನು ಬೇಡವೆಂದು ಕಿತ್ತೆಸೆಯದೆ ಉಳಿಸಿಕೊಂಡಿದ್ದರಿಂದ ಕೋಟ್ಯಂತರ ಜನರ ಹೊಟ್ಟೆ ತುಂಬಿತು. ಹೊಸ ತಳಿಗಳನ್ನು ಬೈಯುವುದು ಈಗ ಸುಲಭ. ಆದರೆ ಹಸಿವು ಕಂಡವರು ಅವನ್ನು ಏಕೆ ಅಪ್ಪಿಕೊಂಡರು ಎಂಬುದನ್ನು ಮರೆಯಬಾರದು.

ನಮ್ಮ ಮಲೆನಾಡಿನ ಕಡೆ ‘ಇಂಟಾನ್’ ಎಂಬ ಭತ್ತ ಬಹಳ ಕಾಲ ಮೆರೆಯಿತು. ಊರಿನ ಹಿರಿಯರು ಅದನ್ನು ನಮ್ಮ ಹಳೆಯ ಭತ್ತ ಎಂದೇ ಹೇಳುತ್ತಾರೆ. ವಾಸ್ತವದಲ್ಲಿ ಅದು ಇಂಡೋನೇಷ್ಯಾದಿಂದ ಬಂದದ್ದು, ಐಆರ್ 8ರ ಹೆತ್ತವರಲ್ಲೊಂದಾದ ಪೇಟಾದ ಒಡಹುಟ್ಟು. ಎರಡಕ್ಕೂ ತಂದೆ ತಾಯಿ ಚೀನಾ ಮೂಲದ ಒಂದು ಭತ್ತ ಮತ್ತು ಬಂಗಾಳದ ‘ಲತಿಸೈಲ್’. ಲತಿಸೈಲಿನ ‘ಸೈಲ್’, ನಮ್ಮ ಗಂಧಸಾಲೆಯ ‘ಸಾಲೆ’ ಎರಡೂ ಸಂಸ್ಕೃತದ ಶಾಲಿ. ಅಂದರೆ ಬಂಗಾಳದಿಂದ ಜಾವಾಕ್ಕೆ ಹೋದ ಭತ್ತದ ಮಗಳು ಮಲೆನಾಡಿನ ಮನೆಗೆ ಸೊಸೆಯಾಗಿ ಬಂದಿದ್ದಳು! ತುಂಗಭದ್ರಾ ಕಾಲುವೆಯ ಕಡೆ ಬೆಳೆದು ನಮ್ಮೆಲ್ಲರ ಅಂಗಡಿಗೆ ಬರುವ ‘ಬಿಪಿಟಿ 5204’ ಅಕ್ಕಿಯದೂ ಇಂಥದೇ ಜಾತಕ. ಅದರಲ್ಲಿ ಕೊಯಮತ್ತೂರಿನಲ್ಲಿ 1921ರಲ್ಲಿ ಆರಿಸಿದ ‘ಜಿಇಬಿ 24’ ಇದೆ, ತೈವಾನಿನ ಗಿಡ್ಡ ಭತ್ತ ಇದೆ, ಮಲೇಷ್ಯಾದ ‘ಮಸೂರಿ’ ಇದೆ. ನಮ್ಮದು, ಪರರದು ಎಂಬ ಗೆರೆ ಭತ್ತದಲ್ಲಿ ಎಳೆಯುವುದು ಕಷ್ಟ. ಬಂದದ್ದನ್ನು ಉಳಿಸಿಕೊಂಡವರದೇ ಅದು.

ತೊಂದರೆ ಬಂದದ್ದು ಹೊಸದು ಬಂದದ್ದರಿಂದಲ್ಲ, ಹಳೆಯದೆಲ್ಲ ಒಟ್ಟಿಗೆ ಹೋದದ್ದರಿಂದ. ಹಿಂದೆ ಒಂದು ಊರಿನ ಬೈಲಿನಲ್ಲಿ ಹತ್ತಾರು ಬಗೆಯ ಭತ್ತ ಇರುತ್ತಿತ್ತು. ಈಗ ಎರಡೋ ಮೂರೋ. ಗಿಡ್ಡ ಭತ್ತದಿಂದ ದನಕ್ಕೆ ಹುಲ್ಲು ಕಡಿಮೆಯಾಯಿತು ಎಂಬುದು ಕಣ್ಣಿಗೆ ಕಂಡ ನಷ್ಟ. ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ.

ಬೇಡವೆಂದು ಬಿಟ್ಟದ್ದು ಬೇಕಾದಾಗ

ಒಂದೇ ಬಗೆಯ ಪೈರು ದೇಶ ದೇಶಗಳಲ್ಲಿ ಹಬ್ಬಿದರೆ ರೋಗಕ್ಕೂ ಹೆದ್ದಾರಿ ಸಿಕ್ಕಂತೆ. 1970ರ ದಶಕದಲ್ಲಿ ಕಂದು ಜಿಗಿಹುಳು ಮತ್ತು ಅದು ಹರಡುವ ಒಂದು ವೈರಸ್ ರೋಗ ಏಷ್ಯಾದ ಭತ್ತದ ಗದ್ದೆಗಳನ್ನು ಕಾಡಿದವು. ಆ ರೋಗ ತಗುಲಿದ ಪೈರು ಹುಲ್ಲಿನ ಹಾಗೆ ಕುರುಚಲಾಗಿ ನಿಂತುಬಿಡುತ್ತಿತ್ತು, ತೆನೆ ಬರುತ್ತಿರಲಿಲ್ಲ. ಫಿಲಿಪ್ಪೀನ್ಸಿನ ಸಂಸ್ಥೆಯಲ್ಲಿ ಪಂಜಾಬ್ ಮೂಲದ ಗುರುದೇವ್ ಖುಷ್ ಮತ್ತು ಅವರ ಸಂಗಡಿಗರು ಸಂಗ್ರಹದಲ್ಲಿದ್ದ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ಆ ವೈರಸ್ಸನ್ನು ತಡೆಯುವ ಶಕ್ತಿ ಸಿಕ್ಕಿದ್ದು ಒಂದೇ ಒಂದು ಮಾದರಿಯಲ್ಲಿ. ಅದು ನಾಡಭತ್ತವಲ್ಲ. 1963ರಲ್ಲಿ ಉತ್ತರ ಪ್ರದೇಶದಲ್ಲಿ ಸಂಗ್ರಹಿಸಿದ್ದ ಕಾಡುಭತ್ತ, ಅದೇ ಒರೈಜಾ ನಿವಾರಾ! ಅದರ ಗುಣವನ್ನು ಸೇರಿಸಿ 1976ರಲ್ಲಿ ಬಿಡುಗಡೆಯಾದ ‘ಐಆರ್ 36’ ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ವಿಸ್ತೀರ್ಣದಲ್ಲಿ ಬೆಳೆದ ಭತ್ತಗಳಲ್ಲಿ ಒಂದಾಯಿತು. ಗಿಳಿಗಳು ಪೊಟರೆಯಿಂದ ಉದುರಿಸಿದ, ಯಾರೂ ಬಿತ್ತದ ಧಾನ್ಯ ಏಷ್ಯಾದ ಅನ್ನವನ್ನು ಕಾಪಾಡಿತು.

ಇನ್ನೊಂದು ಉದಾಹರಣೆ ಒಡಿಶಾದ್ದು. ಅಲ್ಲಿಯ ನೆರೆ ಪ್ರದೇಶದಲ್ಲಿ ಒಂದು ನಾಡಭತ್ತ ಎರಡು ವಾರ ನೀರಿನಡಿ ಮುಳುಗಿದ್ದರೂ ಸಾಯುತ್ತಿರಲಿಲ್ಲ. ಬೇರೆ ಭತ್ತಗಳು ಮುಳುಗಿದಾಗ ನೀರಿನ ಮೇಲೆ ಬರಲು ಬೆಳೆದು ಬೆಳೆದು ಶಕ್ತಿ ಕಳೆದುಕೊಂಡು ಕೊಳೆಯುತ್ತವೆ. ಇದು ಉಸಿರ ಬಿಗಿಹಿಡಿದಂತೆ ಬೆಳವಣಿಗೆ ನಿಲ್ಲಿಸಿ, ನೀರು ಇಳಿದ ಮೇಲೆ ಚಿಗುರುತ್ತದೆ. ಇಳುವರಿ ಕಡಿಮೆಯೆಂದು ಅದನ್ನು ಹೆಚ್ಚು ಜನ ಬೆಳೆಯುತ್ತಿರಲಿಲ್ಲ. 2006ರಲ್ಲಿ ಅದರ ಜೀನ್ ಗುರುತಿಸಲಾಯಿತು. ಅದನ್ನು ಜನಪ್ರಿಯ ‘ಸ್ವರ್ಣ’ ಭತ್ತಕ್ಕೆ ಸೇರಿಸಿದ ‘ಸ್ವರ್ಣ ಸಬ್1’ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು.

ನಮ್ಮ ರಾಜ್ಯದಲ್ಲೇ ನೋಡಿದರೆ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತವಿದೆ. ಸಮುದ್ರದ ಉಪ್ಪುನೀರು ನುಗ್ಗುವ ಜಾಗ ಅದು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತಳ್ಳಿದಾಗ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ಈ ಎತ್ತರದ, ಮೀಸೆಯುಳ್ಳ ಭತ್ತದ ಇಳುವರಿ ಕಡಿಮೆ. ಬೆಳೆಯುವವರೂ ಕಡಿಮೆಯಾಗುತ್ತಿದ್ದಾರೆ. ಇಂಥದೇ ಗುಣದ ಕೇರಳದ ‘ಪೊಕ್ಕಾಳಿ’ಯನ್ನು ಉಪ್ಪು ತಡೆಯುವ ತಳಿಗಳಿಗಾಗಿ ಜಗತ್ತಿನ ಸಂಶೋಧಕರು ಬಳಸಿದ್ದಾರೆ. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಕಗ್ಗ ಉಳಿದರೆ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಮೂರೂ ಉದಾಹರಣೆಗಳಲ್ಲಿ ಒಂದು ಮಾತು ಸಮಾನ. ಒಂದು ಕಾಲಕ್ಕೆ ಬೇಡವಾದ ಬೀಜ ಇನ್ನೊಂದು ಕಾಲಕ್ಕೆ ಪ್ರಾಣ ಉಳಿಸಬಹುದು. ಯಾವುದು, ಯಾವಾಗ ಎಂದು ಮೊದಲೇ ಹೇಳಲಾಗದು. 2018ರಲ್ಲಿ 89 ದೇಶಗಳ 3,010 ಭತ್ತಗಳ ಜೀನೋಮ್ ಹೋಲಿಸಿ ನೋಡಿದಾಗ 2.9 ಕೋಟಿ ಜಾಗಗಳಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸ ಕಂಡಿತು. ಅದರಲ್ಲಿ ಯಾವ ಅಕ್ಷರ ಯಾವ ಕೆಲಸಕ್ಕೆ ಎಂದು ತಿಳಿಯುವ ಮೊದಲೇ ಭತ್ತವೇ ಇಲ್ಲವಾದರೆ ಕಂಪ್ಯೂಟರ್ ಏನೂ ಮಾಡಲಾರದು. ನಮ್ಮ ಕೆಲಸದಲ್ಲಿ ಹಳೆಯ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳುವುದು ಮೊದಲ ಪಾಠ. ಭತ್ತದ ಹಳೆಯ ಪ್ರತಿ ಇರುವುದು ರೈತನ ಗದ್ದೆಯಲ್ಲಿ.

ಬೀಜದ ನಡುವೆ ಹಸಿದವರು

ಬೀಜದ ಈ ಬೆಲೆಯನ್ನು ಮೊದಲೇ ಅರಿತವರಲ್ಲಿ ರಷ್ಯಾದ ನಿಕೊಲಾಯ್ ವಾವಿಲೋವ್ ಪ್ರಮುಖರು. ಬೆಳೆಗಳ ಹುಟ್ಟೂರುಗಳನ್ನು ಹುಡುಕುತ್ತ ಹಲವು ಖಂಡಗಳನ್ನು ಸುತ್ತಿ ಅವರು ಲೆನಿನ್‌ಗ್ರಾಡಿನಲ್ಲಿ ದೊಡ್ಡ ಬೀಜಸಂಗ್ರಹ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ 1941ರಿಂದ 1944ರವರೆಗೆ ಆ ನಗರಕ್ಕೆ ಜರ್ಮನ್ ಸೇನೆ ಮುತ್ತಿಗೆ ಹಾಕಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸಂಗ್ರಹದ ಕಟ್ಟಡದಲ್ಲಿ ತಿನ್ನಬಹುದಾದ ಧಾನ್ಯ ರಾಶಿ ರಾಶಿ ಇತ್ತು. ಅಲ್ಲಿಯ ಸಿಬ್ಬಂದಿ ಅದನ್ನು ಮುಟ್ಟಲಿಲ್ಲ. ಭತ್ತದ ವಿಭಾಗದ ದ್ಮಿತ್ರಿ ಇವಾನೋವ್ ಸಾವಿರಾರು ಭತ್ತದ ಪೊಟ್ಟಣಗಳನ್ನು ಕಾಯುತ್ತ ಹಸಿವಿನಿಂದಲೇ ತೀರಿಕೊಂಡರು. ವಾವಿಲೋವ್ ಅಷ್ಟರಲ್ಲಿ ತಮ್ಮದೇ ಸರ್ಕಾರದ ಸೆರೆಯಲ್ಲಿದ್ದರು. ಜಗತ್ತಿನ ಹಸಿವು ನೀಗಿಸಲು ಬೀಜ ಕೂಡಿಸಿದ ಆ ಮನುಷ್ಯ 1943ರಲ್ಲಿ ಸರಾತೋವ್ ಜೈಲಿನಲ್ಲಿ ಕಣ್ಣುಮುಚ್ಚಿದರು.

ಇಂದು ಫಿಲಿಪ್ಪೀನ್ಸಿನ ಸಂಸ್ಥೆಯ ಬೀಜಭಂಡಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭತ್ತದ ಮಾದರಿಗಳಿವೆ. ದೆಹಲಿಯಲ್ಲಿ ನಮ್ಮ ರಾಷ್ಟ್ರೀಯ ಭಂಡಾರವಿದೆ. ಆದರೆ ಶೀತದ ಕೋಣೆಯಲ್ಲಿ ಬೀಜ ನಿದ್ದೆ ಮಾಡುತ್ತದೆ. ಗದ್ದೆಯಲ್ಲಿರುವ ಬೀಜ ಹೊಸ ಮಳೆ, ಹೊಸ ಹುಳುಗಳಿಗೆ ಹೊಂದಿಕೊಳ್ಳುತ್ತ ಇರುತ್ತದೆ. ಅದರ ಜೊತೆ ಬರುವ ತಿಳಿವಳಿಕೆ, ಯಾವ ಗದ್ದೆಗೆ, ಯಾವ ಅಡಿಗೆಗೆ, ಯಾವ ಮಳೆ ನಕ್ಷತ್ರಕ್ಕೆ ಎಂಬುದು, ಯಾವ ಭಂಡಾರದಲ್ಲೂ ಇಲ್ಲ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ಅವರಂಥ ರೈತರು ತಮ್ಮ ಜಮೀನಿನಲ್ಲೇ ನೂರಾರು ಬಗೆಯ ಭತ್ತ ಬೆಳೆದು ಉಳಿಸಿರುವುದು ಆದ್ದರಿಂದಲೇ ದೊಡ್ಡ ಕೆಲಸ. ರೈತನಿಗೆ ತನ್ನ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನೂ, ತನ್ನ ತಳಿಯನ್ನು ನೋಂದಾಯಿಸುವ ಅವಕಾಶವನ್ನೂ ನಮ್ಮ ದೇಶದ 2001ರ ಕಾಯ್ದೆ ಕೊಟ್ಟಿದೆ.

ನಮ್ಮ ಶಾಲೆಗೆ ಒಂದು ಕೋರಿಕೆ

ನಮ್ಮ ಶಾಲೆಯ ಐವತ್ತು ವರ್ಷವೂ ನಮ್ಮೂರ ಹಳೆಯ ಭತ್ತಗಳು ಮರೆಯಾದ ಐವತ್ತು ವರ್ಷವೂ ಹೆಚ್ಚುಕಡಿಮೆ ಒಂದೇ. ಮೊದಲ ಬ್ಯಾಚಿನವರು ಚಿಕ್ಕಂದಿನಲ್ಲಿ ಉಂಡ ಹತ್ತಾರು ಬಗೆಯ ಅನ್ನದ ಹೆಸರು ನನ್ನ ಓರಗೆಯವರಿಗೆ ಕೇಳಿ ಗೊತ್ತು. ಈಗ ಎಂಟನೇ ತರಗತಿಯಲ್ಲಿರುವ ಮಕ್ಕಳಿಗೆ ಕೇಳಿಯೂ ಗೊತ್ತಿಲ್ಲ. ಆ ಹೆಸರುಗಳನ್ನು ಬಲ್ಲ ಅಜ್ಜ ಅಜ್ಜಿಯರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಇನ್ನು ಹತ್ತು ಹದಿನೈದು ವರ್ಷ ಕಳೆದರೆ ಕೇಳೋಣವೆಂದರೂ ಯಾರೂ ಇರುವುದಿಲ್ಲ.

ಆದ್ದರಿಂದ ಶಾಲೆಯ ಗುರುಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿ ಸಂಘದಲ್ಲಿ ನನ್ನದೊಂದು ವಿನಂತಿ. ಈ ವರ್ಷ ಮಕ್ಕಳ ಕೈಗೆ ಒಂದು ದಪ್ಪ ನೋಟ್‌ಬುಕ್ ಕೊಟ್ಟು ಊರಿನ ಮನೆಮನೆಗೆ ಕಳಿಸೋಣ. ಭತ್ತದ ಹೆಸರು, ಯಾವ ಗದ್ದೆಗೆ ಹಾಕುತ್ತಿದ್ದರು, ಎಷ್ಟು ತಿಂಗಳಿಗೆ ಬರುತ್ತಿತ್ತು, ಸಿಪ್ಪೆಯ ಬಣ್ಣ, ಅಕ್ಕಿಯ ಬಣ್ಣ, ಯಾವ ಅಡಿಗೆಗೆ ಒಳ್ಳೆಯದು, ಬೀಜ ಯಾರ ಮನೆಯಿಂದ ಬಂತು, ಯಾವ ವರ್ಷ ಬಿಟ್ಟರು, ಏಕೆ ಬಿಟ್ಟರು. ಇಷ್ಟು ಅಂಕಣ ಸಾಕು. ಇದು ಇತಿಹಾಸದ ಪಾಠವೂ ಹೌದು, ವಿಜ್ಞಾನದ ಪಾಠವೂ ಹೌದು. ಅದನ್ನು ಕಂಪ್ಯೂಟರಿಗೆ ಏರಿಸಿ ಎಲ್ಲರಿಗೂ ಸಿಗುವಂತೆ ಮಾಡುವ ಹೊಣೆ ನನ್ನದು. ಎರಡನೆಯದಾಗಿ, ಯಾರ ಮನೆಯ ಕಣಜದಲ್ಲಾದರೂ ಹಳೆಯ ಬೀಜ ಇನ್ನೂ ಜೀವಂತವಿದ್ದರೆ ಶಾಲೆಯ ಹಿಂದಿನ ಜಾಗದಲ್ಲಿ ಒಂದೊಂದು ಸಣ್ಣ ಮಡಿಯಾದರೂ ಪ್ರತಿವರ್ಷ ಹಾಕೋಣ. ಭತ್ತದ ಬೀಜವನ್ನು ಮನೆಯಲ್ಲಿ ಬಹಳ ವರ್ಷ ಕಟ್ಟಿಡಲಾಗದು. ಬಿತ್ತುತ್ತಲೇ ಇರಬೇಕು. ನಾಟಿಗೂ ಕೊಯ್ಲಿಗೂ ಬೆಂಗಳೂರಿನಿಂದ ಬರಲು ನಮ್ಮ ಬ್ಯಾಚಿನ ಕೆಲವರು ಈಗಾಗಲೇ ಒಪ್ಪಿದ್ದಾರೆ.

ಹತ್ತು ಸಾವಿರ ವರ್ಷ ಯಾರೋ ಒಬ್ಬರು ಪ್ರತಿ ಸುಗ್ಗಿಯಲ್ಲೂ ಉಣ್ಣುವ ಭತ್ತದಿಂದ ಬೀಜದ ಭತ್ತವನ್ನು ಬೇರೆ ತೆಗೆದಿಟ್ಟಿದ್ದರಿಂದ ಅದು ನಮ್ಮವರೆಗೆ ಬಂದಿದೆ. ಬರಗಾಲದಲ್ಲೂ ಆ ಬೀಜಕ್ಕೆ ಅವರು ಕೈಹಾಕಲಿಲ್ಲ. ನಮ್ಮ ಸರದಿಯಲ್ಲಿ ನಮ್ಮಿಂದ ಬೇಕಾಗಿರುವುದು ಒಂದು ನೋಟ್‌ಬುಕ್ಕು ಮತ್ತು ನಾಲ್ಕು ಮಡಿ ಜಾಗ.